ಪಕ್ಕದ ಮನೆಯ ಬೀಗದಕೈ

ನಮ್ಮ ಮನೆಯ ಅಡುಗೆಕೋಣೆ ಬಾಗಿಲ ಹಿಂದೆ ಒಂದು ಹಲಗೆ ಇದೆ. ಮನೆ ಕಟ್ಟಿಸಿದಾಗ ಬಡಗಿ ಬಿಟ್ಟುಹೋದ ಮರದ ತುಂಡು ಅದು. ಅದಕ್ಕೆ ಹನ್ನೆರಡು ಮೊಳೆ ಹೊಡೆದಿದ್ದೇನೆ. ಒಂಬತ್ತರಲ್ಲಿ ಬೀಗದಕೈಗಳು ತೂಗುತ್ತಿವೆ. ಮೊಮ್ಮಗಳು ದಿನಾ ಮಹಡಿಯಿಂದ ಇಳಿದು ಬಂದು ಅದರ ಪಕ್ಕದಲ್ಲೇ ನಿಂತು ಅಜ್ಜಿ ಹತ್ತಿರ ತಿಂಡಿ ಇಸಿದುಕೊಳ್ಳುತ್ತಾಳೆ. ಆದರೂ ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜದಲ್ಲಿ ಒಂದು ದಿನ, ಅದೇಕೋ, ಮೊದಲ ಸಲ ನೋಡಿದವಳಂತೆ ಕೇಳಿದಳು:

"ತಾತ, ನಮ್ಮನೆಗೆ ಇರೋದು ಎರಡು ಬಾಗಿಲು. ಇಷ್ಟೊಂದು ಕೀ ಯಾಕೆ?"

"ಇದರಲ್ಲಿ ನಮ್ಮನೇದು ಒಂದೂ ಇಲ್ಲ ಪುಟ್ಟೀ."

"ಮತ್ತೆ ನಮ್ಮನೇದು?"

"ಅದು ಎದುರುಮನೆ ಮೇಷ್ಟ್ರ ಹತ್ತಿರ ಇದೆ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನಮ್ಮ ಬೀಗದಕೈ ಅವರ ಮನೆಯಲ್ಲಿ, ಅವರದು ನಮ್ಮ ಮನೆಯಲ್ಲಿ. ಹಾಗಾದರೆ ಬೀಗ ಹಾಕುವುದಾದರೂ ಯಾಕೆ ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ. ಆದರೆ ಬೀಗದಕೈಯ ಕಥೆ ಹೇಳಬೇಕಾದರೆ ನಮ್ಮ ಬಡಾವಣೆಯ ಕಥೆಯಿಂದ ಶುರು ಮಾಡಬೇಕು.

ನಾವಿರುವುದು ಬೆಂಗಳೂರಿನ ಬನಶಂಕರಿ 3ನೇ ಹಂತದ ಒಂದು ಪುಟ್ಟ ಅಡ್ಡರಸ್ತೆಯಲ್ಲಿ. ಎರಡೂ ಬದಿ ಸೇರಿ ಇಪ್ಪತ್ತೆಂಟು ನಿವೇಶನ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳುತ್ತದೆ. ಇವತ್ತು ಇದನ್ನು ಊರಾಚೆ ಎಂದರೆ ಯಾರೂ ನಂಬುವುದಿಲ್ಲ, ನಗರ ನಮ್ಮನ್ನು ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿದೆ. ಆದರೆ 1987ರಲ್ಲಿ ನಾವು ಗೃಹಪ್ರವೇಶ ಮಾಡಿದಾಗ ನೆಂಟರೆಲ್ಲ, "ಹೋಗಿ ಹೋಗಿ ಕಾಡಲ್ಲಿ ಮನೆ ಕಟ್ಟಿದ್ರಲ್ಲಪ್ಪ" ಎಂದಿದ್ದರು. ಬಿಟಿಎಸ್ ಬಸ್ಸು ಇಳಿದು ಅರ್ಧ ಮೈಲಿ ಮಣ್ಣಿನ ದಾರಿ ನಡೆಯಬೇಕಿತ್ತು. ಬೀದಿದೀಪ ಇರಲಿಲ್ಲ. ಸುತ್ತಲಿನ ಹಳ್ಳಿಗಳ ಹಸುಗಳು ನಮ್ಮ ನಿವೇಶನದ ಗಡಿಕಲ್ಲುಗಳ ನಡುವೆ ಮೇಯ್ದುಕೊಂಡು ಸಂಜೆ ಮನೆಗೆ ಹೋಗುತ್ತಿದ್ದವು. ಕಲ್ಲು ನೆಟ್ಟದ್ದು ಯಾರು, ಯಾಕೆ ಎಂಬುದು ಅವಕ್ಕೆ ಬೇಕಿರಲಿಲ್ಲ.

ಮೊಮ್ಮಗಳಿಗೆ ಇನ್ನೊಂದು ಅನುಮಾನ. ನಮ್ಮ ರಸ್ತೆ ಸ್ಕೇಲಿಟ್ಟು ಗೀಟೆಳೆದ ಹಾಗೆ ನೇರವಾಗಿದೆ. ಅದೇ ಕತ್ರಿಗುಪ್ಪೆಯ ಹಳೇ ಊರಿನೊಳಗೆ ಹೋದರೆ ಬೀದಿಗಳು ಹಾವಿನ ಹಾಗೆ ಸೊಟ್ಟಸೊಟ್ಟ. ಯಾಕೆ?

ಯಾಕೆಂದರೆ ಹಳ್ಳಿ ತಾನಾಗಿ ಬೆಳೆದದ್ದು, ಬಡಾವಣೆ ಕಾಗದದ ಮೇಲೆ ಬರೆದದ್ದು. ಹಳ್ಳಿಯಲ್ಲಿ ಮೊದಲು ಮನೆ, ಆಮೇಲೆ ಓಡಾಡಿ ಓಡಾಡಿ ದಾರಿ. ಬಡಾವಣೆಯಲ್ಲಿ ಮೊದಲು ದಾರಿ, ಆಮೇಲೆ ಮನೆ. ಬೆಂಗಳೂರಿಗೆ ಈ ಪದ್ಧತಿ ಹೊಸದಲ್ಲ. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಹುಳಗಳ ಹಾಗೆ ಸತ್ತರು. ಗಾಳಿ ಬೆಳಕು ಇರುವ ಕಡೆ ಹೋಗಬೇಕು ಎಂದು ಊರಾಚೆಯ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರ ರಸ್ತೆ, ಅಗಲ ನಿವೇಶನಗಳ ಬಡಾವಣೆಗಳು ಬೆಳೆದವು. ಆಮೇಲೆ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆ ಬೋರ್ಡಿನ ಜಾಗದಲ್ಲಿ 1976ರಲ್ಲಿ ಬಂದದ್ದೇ ಬಿಡಿಎ. ನಾವೆಲ್ಲ ಅರ್ಜಿ ಹಾಕಿ, ಚಲನ್ ಕಟ್ಟಿ, ಪಟ್ಟಿಯಲ್ಲಿ ಹೆಸರು ಹುಡುಕಿ ಹುಡುಕಿ ಕಣ್ಣು ನೋಯಿಸಿಕೊಂಡದ್ದು ಅದರ ಕಚೇರಿಯಲ್ಲೇ.

ಮೂವತ್ತು ನಲವತ್ತು ಎಂದರೆ ಬೆಂಗಳೂರಿನ ಯಾವ ಮಧ್ಯಮವರ್ಗದ ಮನುಷ್ಯನಿಗೂ ಅರ್ಥವಾಗುತ್ತದೆ. ಮೂವತ್ತಡಿ ಅಗಲ, ನಲವತ್ತಡಿ ಉದ್ದ. ಮಕ್ಕಳು ಗುಣಿಸಿ ನೋಡಬಹುದು, 1,200 ಚದರಡಿ. ಅದರಲ್ಲಿ ಸುತ್ತ ಗಾಳಿಗೆ ಜಾಗ ಬಿಡಬೇಕು. ಉಳಿದದ್ದರಲ್ಲಿ ಹಾಲು, ಅಡುಗೆಕೋಣೆ, ಎರಡು ರೂಮು, ದೇವರಿಗೆ ಒಂದು ಗೂಡು. ಮುಂದೆ ತುಳಸಿ ಕಟ್ಟೆ, ಒಂದು ದಾಸವಾಳ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಇಪ್ಪತ್ತೆಂಟು ಮನೆಯಲ್ಲಿ ಇಪ್ಪತ್ತೆಂಟು ಕರಿಬೇವಿನ ಗಿಡ ಇದ್ದರೂ ಒಗ್ಗರಣೆ ಹೊತ್ತಿಗೆ ಪಕ್ಕದ ಮನೆಯಿಂದಲೇ ಎರಡು ಎಸಳು ಬರುತ್ತಿತ್ತು. ಇದು ಯಾಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬಿಡಿಎ ನಿವೇಶನಕ್ಕೆ ಆಗ ಲೀಸ್-ಕಂ-ಸೇಲ್ ಎಂಬ ಕರಾರು ಇತ್ತು. ಹತ್ತು ವರ್ಷ ಮಾರುವಂತಿಲ್ಲ. ಆಗ ಅದನ್ನು ಬೈದುಕೊಂಡವರು ಬಹಳ. ಆದರೆ ಈಗ ಹಿಂದಿರುಗಿ ನೋಡಿದರೆ ನಮ್ಮ ಬೀದಿಯನ್ನು ಬೀದಿ ಮಾಡಿದ್ದೇ ಆ ಕರಾರು ಎನ್ನಿಸುತ್ತದೆ. ಮಾರಿ ಹೋಗುವಂತಿಲ್ಲ ಎಂದ ಮೇಲೆ ಪಕ್ಕದ ಮನೆಯವರ ಜೊತೆ ಹತ್ತು ವರ್ಷ ಜಗಳವಾಡಿಕೊಂಡಿರಲು ಆಗುತ್ತದೆಯೇ? ಜಗಳ ಆಡಿದವರೂ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅರಿಶಿನ ಕುಂಕುಮಕ್ಕೆ ಕರೆಯಲೇಬೇಕಾಗುತ್ತಿತ್ತು.

ನಮ್ಮದು ಈ ಸಾಲಿನಲ್ಲಿ ಎದ್ದ ಮೊದಲ ಮನೆ. ಎದುರು ನಿವೇಶನ ಮೇಷ್ಟ್ರದು. ಅವರಿಗೆ ಕೆಲಸ ಕನಕಪುರದಲ್ಲಿ, ಬರುತ್ತಿದ್ದದ್ದು ಭಾನುವಾರ ಮಾತ್ರ. ಆ ಕಾಲದಲ್ಲಿ ಸಿಮೆಂಟಿಗೆ ಅರ್ಧ ಪರ್ಮಿಟ್ಟು, ಅರ್ಧ ಮಾರುಕಟ್ಟೆ. ಒಂದು ಮೂಟೆ ಕಳೆದುಹೋದರೆ ಮತ್ತೆ ಸಿಗುವುದು ಯಾವಾಗಲೋ. ಹೀಗಾಗಿ ಮೇಷ್ಟ್ರು ತಮ್ಮ ಸಿಮೆಂಟ್ ಶೆಡ್ಡಿನ ಬೀಗದಕೈ ತಂದು ನನ್ನ ಕೈಯಲ್ಲಿಟ್ಟು, "ನೀವು ಬ್ಯಾಂಕಿನವರು, ನಿಮಗೆ ಬೀಗದ ಬೆಲೆ ಗೊತ್ತಿರುತ್ತೆ. ಮೇಸ್ತ್ರಿ ಬಂದಾಗ ಎಣಿಸಿ ಕೊಡಿ ಸಾರ್" ಎಂದರು. ಪ್ರತಿ ದಿನ ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಮೂಟೆ ಎಣಿಸಿ ಕೊಟ್ಟು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಹಲಗೆಗೆ ಮೊದಲ ಮೊಳೆ ಹೊಡೆದದ್ದು ಆ ಬೀಗದಕೈಗಾಗಿ. ಪುಸ್ತಕವೂ ಅದೇ, ಈಗಲೂ ನಡೆಯುತ್ತಿದೆ.

ಮೇಷ್ಟ್ರು ಹೇಳಿದ್ದು ನಿಜ. ಬ್ಯಾಂಕಿನಲ್ಲಿ ಬಹಳ ವರ್ಷ ನಾನು ಹೆಡ್ ಕ್ಯಾಷಿಯರ್ ಆಗಿದ್ದೆ. ಮಕ್ಕಳಿಗೆ ಒಂದು ಸಂಗತಿ ಹೇಳುತ್ತೇನೆ, ನಿಮ್ಮ ಶಾಲೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಬ್ಯಾಂಕಿನ ಹಣದ ಪೆಟ್ಟಿಗೆಯನ್ನು ಒಬ್ಬನೇ ಮನುಷ್ಯ ತೆಗೆಯಲು ಸಾಧ್ಯವಿಲ್ಲ. ಅದಕ್ಕೆ ಎರಡು ಬೀಗದಕೈ. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿ ಹತ್ತಿರ. ಇಬ್ಬರೂ ಒಟ್ಟಿಗೆ ನಿಂತು ತಮ್ಮ ತಮ್ಮ ಕೈ ತಿರುಗಿಸಿದರೆ ಮಾತ್ರ ಪೆಟ್ಟಿಗೆ ಬಾಯಿ ಬಿಡುತ್ತದೆ. ಇದಕ್ಕೆ ಜಾಯಿಂಟ್ ಕಸ್ಟಡಿ ಎನ್ನುತ್ತಾರೆ. ಇನ್ನು ಆ ಬೀಗದಕೈಗಳ ನಕಲು ಎಲ್ಲಿರುತ್ತದೆ ಗೊತ್ತೇ? ಅದೇ ಶಾಖೆಯಲ್ಲಲ್ಲ. ಮೊಹರು ಹಾಕಿ ಬೇರೆ ಶಾಖೆಗೆ ಕಳಿಸಿರುತ್ತಾರೆ. ಕಳೆದುಕೊಂಡ ಕಡೆಯಲ್ಲೇ ನಕಲೂ ಇದ್ದರೆ ಏನು ಪ್ರಯೋಜನ? ನಮ್ಮ ಮನೆಯ ಬೀಗದಕೈ ಮೇಷ್ಟ್ರ ಮನೆಯಲ್ಲಿ ಇರುವುದಕ್ಕೂ ಇದೇ ಕಾರಣ.

ಮನೆಗಳು ಒಂದೊಂದೇ ಎದ್ದವು, ಮೊಳೆಗಳೂ ಒಂದೊಂದೇ ತುಂಬಿದವು. ನಮ್ಮಲ್ಲಿ ಯಾರಿಗೂ ಹೆಸರು ಹಿಡಿದು ಕರೆಯುವ ಅಭ್ಯಾಸ ಇರಲಿಲ್ಲ. ಎಚ್‌ಎಂಟಿಯವರು, ಎಲ್‌ಐಸಿಯವರು, ಮೇಷ್ಟ್ರು, ಬ್ಯಾಂಕಿನವರು. ಮೂಲೆಮನೆಯ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು, ಅವರು ಎಲ್ಲರಿಗೂ ಟೆಲಿಫೋನ್ ಅಮ್ಮ. ಇಲಾಖೆಯವರಾದ್ದರಿಂದ ಬೀದಿಗೆಲ್ಲ ಮೊದಲು ಫೋನು ಬಂದದ್ದು ಅವರ ಮನೆಗೆ. ಮಿಕ್ಕವರು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಅಲ್ಲಿಯವರೆಗೆ ನಮ್ಮೆಲ್ಲರ ಮದುವೆ ಆಮಂತ್ರಣದಲ್ಲೂ ಅವರ ನಂಬರೇ, ಮುಂದೆ ಆವರಣದಲ್ಲಿ ಪಿ.ಪಿ. ಎಂದು. ಇಂದಿನ ಮಕ್ಕಳಿಗೆ ಇದು ತಮಾಷೆಯಾಗಿ ಕಾಣಬಹುದು. ಯಾರಿಗೋ ಫೋನು ಬಂದರೆ ಅವರು ರಿಸೀವರ್ ಪಕ್ಕಕ್ಕಿಟ್ಟು, ಗೇಟಿಗೆ ಬಂದು, ಹೋಗುವ ಹುಡುಗರನ್ನು ಕೂಗಿ, "ಹೋಗೋ, ಎಲ್‌ಐಸಿಯವರ ಮನೇಲಿ ಹೇಳು, ಶಿವಮೊಗ್ಗದಿಂದ ಬಂದಿದೆ" ಎನ್ನುತ್ತಿದ್ದರು. ಮಗು ಹುಟ್ಟಿದ್ದು, ಕೆಲಸ ಸಿಕ್ಕಿದ್ದು, ಊರಿನಲ್ಲಿ ತಂದೆ ಹೋದದ್ದು, ಎಲ್ಲ ಸುದ್ದಿಯೂ ಮೊದಲು ಅವರ ಕಿವಿಗೆ ಬಿದ್ದು ಆಮೇಲೆ ನಮ್ಮ ಕಿವಿಗೆ. ಅದರಲ್ಲಿ ಒಂದನ್ನೂ ಅವರು ಇನ್ನೊಬ್ಬರ ಮನೆಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ಹಣ ಕಾಯುವುದಕ್ಕಿಂತ ಅದು ಕಷ್ಟದ ಕೆಲಸ.

ಬೀಗದಕೈ ಕೊಡುವುದಕ್ಕೆ ದೊಡ್ಡ ಕಾರಣಗಳೇನೂ ಇರುತ್ತಿರಲಿಲ್ಲ. ಗ್ಯಾಸಿನವನು ಬರುತ್ತಾನೆ, ಸಿಲಿಂಡರ್ ಇಳಿಸಿಕೊಳ್ಳಿ. ಮೀಟರ್ ನೋಡುವವನು ಬರುತ್ತಾನೆ. ಧರ್ಮಸ್ಥಳಕ್ಕೆ ಹೋಗುತ್ತಿದ್ದೇವೆ, ತುಳಸಿಗೆ ಒಂದು ಚೊಂಬು ನೀರು ಹಾಕಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಕ್ಕಳು ಮೂರೂವರೆಗೆ ಶಾಲೆಯಿಂದ ಬಂದರೆ ನನ್ನಾಕೆಯೇ ಬಾಗಿಲು ತೆಗೆದು, ಯೂನಿಫಾರಂ ಬಿಚ್ಚಿಸಿ, ಏನಾದರೂ ತಿನ್ನಿಸಿ ಆಡಲು ಕಳಿಸುತ್ತಿದ್ದಳು. ಹಾಗೆ ಬೆಳೆದ ಹುಡುಗರಲ್ಲಿ ಇಬ್ಬರು ಈಗ ಅಮೆರಿಕದಲ್ಲಿದ್ದಾರೆ. ಬಂದಾಗ ಅವರಮ್ಮನ ಕೈ ಉಪ್ಪಿಟ್ಟಿಗಿಂತ ನಮ್ಮ ಮನೆಯ ಉಪ್ಪಿಟ್ಟು ಚೆನ್ನ ಎನ್ನುತ್ತಾರೆ. ಅವರಮ್ಮನ ಎದುರಿಗೇ ಹೇಳುತ್ತಾರೆ, ಅದೊಂದೇ ತೊಂದರೆ.

ಎಲ್ಲಕ್ಕಿಂತ ದೊಡ್ಡ ಕಾರಣ ನೀರು. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ಅದನ್ನು ತರಬೇಕು. ಅಷ್ಟು ದೂರ ಹತ್ತಿ ಬಂದ ನೀರು ನಮ್ಮ ಬೀದಿಗೆ ತಲುಪಿದ್ದು ನಾವು ಬಂದ ಎಷ್ಟೋ ವರ್ಷಗಳ ಮೇಲೆ. ಅದೂ ದಿನ ಬಿಟ್ಟು ದಿನ, ಹೊತ್ತಲ್ಲದ ಹೊತ್ತಿನಲ್ಲಿ. ರಾತ್ರಿ ಒಂದು ಗಂಟೆಗೆ ವಾಲ್ವ್ ತಿರುಗಿಸುವವನು ಸೈಕಲ್ಲಿನಲ್ಲಿ ಬಂದು ಹೋದರೆ, ಸಂಪು ತುಂಬುವ ಸದ್ದಿಗೆ ಎಚ್ಚರವಾದವರು ಬೀಗ ಹಾಕಿದ ಮನೆಗಳ ಗೇಟು ತೆಗೆದು ಅವರ ಸಂಪಿನ ನಲ್ಲಿಯನ್ನೂ ತಿರುಗಿಸಿ ಬರಬೇಕು. ಊರಿಗೆ ಹೋದವರು ಬಂದಾಗ ತೊಟ್ಟಿ ಬರಿದಾಗಿದ್ದರೆ ಅದು ನಮ್ಮ ಮರ್ಯಾದೆಯ ಪ್ರಶ್ನೆ. ಪಂಚೆ ಎತ್ತಿಕಟ್ಟಿ, ಟಾರ್ಚ್ ಹಿಡಿದು, ಕಳ್ಳರ ಹಾಗೆ ಅವರಿವರ ಕಾಂಪೌಂಡಿನಲ್ಲಿ ಓಡಾಡಿದ ರಾತ್ರಿಗಳು ಎಷ್ಟೋ. ಒಮ್ಮೆ ಬೀಟಿನ ಪೊಲೀಸರೇ ನನ್ನನ್ನು ಹಿಡಿದಿದ್ದರು. ಎಚ್‌ಎಂಟಿಯವರು ಎದ್ದು ಬಂದು, "ಅವರು ಬ್ಯಾಂಕಿನವರು, ನಮ್ಮ ನೀರು ಹಿಡೀತಿದಾರೆ" ಎಂದು ಬಿಡಿಸಿದರು.

ಬೀದಿಯ ಹೊಂಗೆಮರಗಳ ವಿಷಯವನ್ನೂ ಹೇಳಿಬಿಡುತ್ತೇನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನಲ್ಲಿ ಸುಮಾರು ಹದಿನೈದು ಲಕ್ಷ ಸಸಿ ನೆಡಿಸಿದರು. ಮನೆಯ ಮುಂದಿನ ಗಿಡವನ್ನು ಆ ಮನೆಯವರೇ ನೋಡಿಕೊಳ್ಳುವಂತೆ ಮಾಡಿದ್ದು ಅವರ ಜಾಣ್ಮೆ. ಇವತ್ತು ನಮ್ಮ ಬೀದಿಯಲ್ಲಿ ಬೆಳಗ್ಗೆ ನಡೆಯುವವರಿಗೆ ಸಿಗುವ ನೆರಳನ್ನು ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ವರ್ಷಗಳು ಕಳೆದವು. ಮಕ್ಕಳು ಓದಿ ದೂರ ಹೋದರು. ನಮ್ಮ ಬೀದಿ ತನಗೇ ಗೊತ್ತಾಗದ ಹಾಗೆ ಮುದುಕರ ಬೀದಿಯಾಯಿತು. ಹಲಗೆಯ ಮೇಲಿನ ಬೀಗದಕೈಗಳು ಅವೇ. ಆದರೆ ಅವುಗಳ ಅರ್ಥ ಬದಲಾಯಿತು. ಮೊದಲು ಮನೆಯಲ್ಲಿ ಯಾರೂ ಇಲ್ಲದಾಗ ಬೇಕಾಗುತ್ತಿದ್ದವು, ಈಗ ಒಳಗೆ ಒಬ್ಬರೇ ಇದ್ದಾಗ ಬೇಕಾಗತೊಡಗಿದವು.

ಟೆಲಿಫೋನ್ ಅಮ್ಮ ಯಜಮಾನರು ಹೋದ ಮೇಲೆ ಒಬ್ಬರೇ ಇದ್ದರು. ಮಗ ಪುಣೆಯಲ್ಲಿ. ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡರೆ ಹೊರಗಿರುವ ಬೀಗದಕೈ ಬರೀ ಕಬ್ಬಿಣದ ತುಂಡು. ಹಾಗಾಗಿ ಅವರ ಮುಂಬಾಗಿಲಿಗೆ ಒಳಗಿನಿಂದ ತಾನಾಗಿ ಹಾಕಿಕೊಳ್ಳುವ, ಹೊರಗಿನಿಂದ ಬೀಗದಕೈಯಲ್ಲಿ ತೆಗೆಯುವ ನೈಟ್ ಲ್ಯಾಚ್ ಹಾಕಿಸಿದೆವು. ಬಚ್ಚಲುಮನೆಯ ಒಳಚಿಲಕವನ್ನು ಬಿಚ್ಚಿಸಿಬಿಟ್ಟರು. ಒಂಟಿಯಾಗಿರುವ ಹಿರಿಯರು ಬೇರೇನು ಮಾಡದಿದ್ದರೂ ಇವೆರಡನ್ನು ಮಾಡಿಕೊಳ್ಳಬೇಕು.

2018ರ ಒಂದು ಬೆಳಗ್ಗೆ. ಆರೂವರೆಗೆ ವಾಕಿಂಗ್ ಮುಗಿಸಿ ಬರುವಾಗ ಅವರ ಗೇಟಿನ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಹಾಗೇ ಇದ್ದದ್ದನ್ನು ನಾನು ನೋಡಿದೆ. ನೋಡಿದೆ ಎಂಬುದನ್ನು ಇಲ್ಲಿ ಬರೆಯುವುದು ನನಗೆ ಸುಲಭವಲ್ಲ. ಮಲಗಿರಬಹುದು, ಎಬ್ಬಿಸುವುದೇಕೆ, ಹೆಂಗಸರೊಬ್ಬರೇ ಇರುವ ಮನೆ ಎಂದುಕೊಂಡು ಬಂದು ಪೇಪರ್ ಓದುತ್ತ ಕುಳಿತೆ. ಎಂಟೂ ಕಾಲಿಗೆ ಎರಡು ಮನೆ ಆಚೆಯ ಹುಡುಗ, ಆಗ ಏಳನೇ ಕ್ಲಾಸು, ಸ್ಕೂಲ್ ವ್ಯಾನಿಗೆ ಕಾಯುತ್ತಿದ್ದವನು ಬ್ಯಾಗು ಹೊತ್ತುಕೊಂಡೇ ನಮ್ಮ ಗೇಟಿಗೆ ಬಂದ.

"ತಾತ, ಟೆಲಿಫೋನ್ ಅಜ್ಜಿ ಇವತ್ತು ರಂಗೋಲಿ ಹಾಕಿಲ್ಲ."

"ಎದ್ದಿರಲಿಕ್ಕಿಲ್ಲಪ್ಪ."

"ಇಲ್ಲ ತಾತ, ಅವರು ಯಾವತ್ತೂ ಹಾಕ್ತಾರೆ. ಜ್ವರ ಬಂದಾಗ್ಲೂ ಹಾಕಿದ್ರು. ಚಿಕ್ಕದು, ನಾಲ್ಕು ಚುಕ್ಕೀದು."

ನಾಲ್ಕು ಚುಕ್ಕಿ ಎಂದನಲ್ಲ, ಆಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಬೀಗದಕೈ ತೆಗೆದುಕೊಂಡು ಓಡಿದೆವು. ನನ್ನಾಕೆ ಮೊದಲು ಒಳಗೆ ಹೋದಳು. ಅವರು ಬಚ್ಚಲುಮನೆ ಹೊಸ್ತಿಲ ಹತ್ತಿರ ಬಿದ್ದಿದ್ದರು. ಪ್ರಜ್ಞೆ ಇತ್ತು. ಬೆಳಗ್ಗೆ ಐದಕ್ಕೆ ಬಿದ್ದವರು, ಸೊಂಟದ ಮೂಳೆ ಮುರಿದಿತ್ತು. ಕೂಗಿ ಕೂಗಿ ಗಂಟಲು ಹೋಗಿತ್ತು. ಫೋನು ಹಾಲಿನಲ್ಲಿ, ಎಂಟೇ ಹೆಜ್ಜೆ ದೂರದಲ್ಲಿ. ಬೀದಿಯ ಎಲ್ಲರ ಕರೆಯನ್ನೂ ನಮಗೆ ಮುಟ್ಟಿಸಿದವರಿಗೆ ಆವತ್ತು ಅಷ್ಟು ದೂರ ತೆವಳಲಾಗಲಿಲ್ಲ.

ನಾವು ಅವರನ್ನು ಎತ್ತಲು ಹೋಗಲಿಲ್ಲ. 108ಕ್ಕೆ ಫೋನ್ ಮಾಡಿ, ಒಂದು ಹೊದಿಕೆ ಹೊದಿಸಿ, ತಲೆಯ ಹತ್ತಿರ ಕುಳಿತೆವು. ಆಂಬುಲೆನ್ಸಿನ ಹುಡುಗ, ಅಲುಗಿಸದೇ ಬಿಟ್ಟಿದ್ದು ಒಳ್ಳೆಯದಾಯಿತು ಎಂದ. ಆ ಹುಡುಗನ ಸ್ಕೂಲ್ ವ್ಯಾನು ಅಂದು ಅವನನ್ನು ಬಿಟ್ಟುಹೋಯಿತು. ಮೇಷ್ಟ್ರು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಶಾಲೆಗೆ ಬಿಟ್ಟು, ತಡವಾದ ಕಾರಣವನ್ನು ಕ್ಲಾಸ್ ಟೀಚರಿಗೆ ತಾವೇ ಹೇಳಿ ಬಂದರು.

ಆಪರೇಷನ್ ಆಯಿತು, ಟೆಲಿಫೋನ್ ಅಮ್ಮ ವಾಕರ್ ಹಿಡಿದು ನಡೆದರು. ನನ್ನ ಪುಸ್ತಕದಲ್ಲಿ ಆ ದಿನದ ಸಾಲು ಇದೆ: ಬಾಗಿಲು ತೆಗೆದದ್ದು 8.20. ಅದರ ಪಕ್ಕದಲ್ಲಿ ಹಾಲಿನ ಪ್ಯಾಕೆಟ್ ನೋಡಿದ್ದು 6.30 ಎಂದೂ ಬರೆದಿದ್ದೇನೆ. ಯಾರೂ ನನ್ನನ್ನು ಅದರ ಬಗ್ಗೆ ಕೇಳಲಿಲ್ಲ. ಅವರೂ ಕೇಳಲಿಲ್ಲ. ಆದರೆ ಲೆಕ್ಕ ಲೆಕ್ಕವೇ, ಒಂದು ಗಂಟೆ ಐವತ್ತು ನಿಮಿಷ.

ಅದಾದ ಮೇಲೆ ನಮ್ಮಲ್ಲಿ ಒಂದು ಕಟ್ಟುಪಾಡು ಬಂತು. ಏಳು ಗಂಟೆಯವರೆಗೆ ಹಾಲು ಒಳಗೆ ಹೋಗದಿದ್ದರೆ ಗಂಟೆ ಒತ್ತಬೇಕು. ಎರಡು ಸಲ ಒತ್ತಿದರೂ ಓಗೊಡದಿದ್ದರೆ ಫೋನು. ಅದಕ್ಕೂ ಉತ್ತರ ಇಲ್ಲದಿದ್ದರೆ ಇಬ್ಬರು ಒಟ್ಟಿಗೆ ಹೋಗಿ ಬಾಗಿಲು ತೆಗೆಯಬೇಕು. ಒಬ್ಬರೇ ಹೋಗಬಾರದು, ಜಾಯಿಂಟ್ ಕಸ್ಟಡಿ ಇಲ್ಲೂ ಇರಲಿ. ಸಂಕೋಚಕ್ಕೆ ಜಾಗವಿಲ್ಲ. ಎಬ್ಬಿಸಿದ್ದಕ್ಕೆ ಎಚ್‌ಎಂಟಿಯವರು ಎರಡು ಸಲ ನನ್ನನ್ನು ಚೆನ್ನಾಗಿ ಬೈದಿದ್ದಾರೆ. ಬೈಯಲಿ. ಇನ್ನು ಬೀಗದಕೈಗಳ ಮೇಲೆ ಮನೆ ನಂಬರಾಗಲಿ ಹೆಸರಾಗಲಿ ಬರೆಯುವುದಿಲ್ಲ. ಕಳ್ಳನ ಕೈಗೆ ಸಿಕ್ಕಿದರೆ ಅವನಿಗೆ ವಿಳಾಸವನ್ನೂ ನಾವೇ ಕೊಟ್ಟಂತಾಗುತ್ತದೆ. ಬಣ್ಣದ ದಾರ ಕಟ್ಟಿದ್ದೇನೆ. ಯಾವ ಬಣ್ಣ ಯಾವ ಮನೆ ಎಂಬುದು ಪುಸ್ತಕದಲ್ಲಿದೆ, ಪುಸ್ತಕ ಬೀರುವಿನಲ್ಲಿದೆ.

ಬೀದಿಯ ವಾಟ್ಸಾಪ್ ಗುಂಪಿನಲ್ಲಿ ದಿನಾ ನಲವತ್ತು ಶುಭೋದಯ ಬರುತ್ತದೆ. ಹೂವು, ದೇವರು, ಸೂರ್ಯ. ನನಗೆ ಅದರ ಮೇಲೆ ಕೋಪವೇನಿಲ್ಲ, ನಾನೂ ಕಳಿಸುತ್ತೇನೆ. ಆದರೆ ಶುಭೋದಯ ಬರದೇ ಇದ್ದದ್ದು ಯಾರದು ಎಂದು ಅದು ಹೇಳುವುದಿಲ್ಲವಲ್ಲ.

ಟೆಲಿಫೋನ್ ಅಮ್ಮನನ್ನು ಮರುವರ್ಷ ಮಗ ಪುಣೆಗೆ ಕರೆದುಕೊಂಡು ಹೋದ. ಹೋಗುವ ದಿನ ನಾನು ಅವರ ಬೀಗದಕೈ ವಾಪಸು ಕೊಡಲು ಹೋದೆ. "ಇರಲಿ ಬಿಡಿ, ನಿಮ್ಮ ಹತ್ರಾನೇ ಇರಲಿ, ನಾನು ಬಂದಾಗ ಬೇಕಾಗುತ್ತೆ" ಎಂದರು. ಬರಲಿಲ್ಲ. 2021ರಲ್ಲಿ ಹೋಗಿಬಿಟ್ಟರು. ಮಗ ಮನೆ ಮಾರಿದ. ಅವನನ್ನು ನಾನು ತಪ್ಪು ಎನ್ನುವುದಿಲ್ಲ, ಪುಣೆಯಲ್ಲಿ ಕೂತು ಬೆಂಗಳೂರಿನ ಸಂಪು ತುಂಬಿಸಲು ಆಗುತ್ತದೆಯೇ?

ಕೊಂಡವರು ಮನೆ ಕೆಡವಿದರು. ಮೂವತ್ತು ನಲವತ್ತರ ಮನೆ ನೆಲಸಮವಾಗಲು ಮೂರು ದಿನ ಸಾಕು ಎಂದು ನನಗೆ ಆಗಲೇ ಗೊತ್ತಾದದ್ದು. ಈಗ ಅಲ್ಲಿ ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಮಹಡಿ, ಎಲ್ಲದರಲ್ಲೂ ಬಾಡಿಗೆಗೆ ಇರುವವರು. ಬೀದಿಯಲ್ಲಿ ಇಂಥವು ಈಗ ಆರು. ಕಾರುಗಳು ನಮ್ಮ ಗೇಟಿನವರೆಗೂ ನಿಲ್ಲುತ್ತವೆ, ಮಕ್ಕಳು ಚೆಂಡಾಡಲು ಜಾಗವಿಲ್ಲ, ರಾತ್ರಿ ಹನ್ನೊಂದಕ್ಕೆ ಊಟ ತರುವ ಸ್ಕೂಟರುಗಳ ಸದ್ದು. ನಾವು ಹಳಬರು ಸೇರಿದಾಗ ಗೊಣಗುವುದು ಇದನ್ನೇ. ಆದರೆ ಲಾಕ್‌ಡೌನ್ ತಿಂಗಳುಗಳಲ್ಲಿ ನಮ್ಮ ಔಷಧಿ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋಗಿ ಬಂದವರು ಇಂಥದೇ ಒಂದು ಬಾಡಿಗೆ ಮನೆಯ ಹುಡುಗಿಯರು. ಅವರ ಹೆಸರು ಸಹ ಆವರೆಗೆ ನಮಗೆ ಗೊತ್ತಿರಲಿಲ್ಲ. ಅದನ್ನೂ ಹೇಳದಿದ್ದರೆ ನನ್ನ ಲೆಕ್ಕ ತಾಳೆಯಾಗುವುದಿಲ್ಲ.

ಹಲಗೆಯ ಮೇಲೆ ಹಳದಿ ದಾರದ ಬೀಗದಕೈ ಇನ್ನೂ ಇದೆ. ಮೊಮ್ಮಗಳು ಒಂದೊಂದನ್ನೂ ಮುಟ್ಟಿ ಯಾರದು ಯಾರದು ಎಂದು ಕೇಳುತ್ತ ಅದರ ಹತ್ತಿರ ಬಂದಾಗ, ಮೂಲೆಮನೆಯದು ಎಂದೆ.

"ಆ ಮನೆ ಇಲ್ವಲ್ಲ ತಾತ."

"ಇಲ್ಲ."

"ಮತ್ತೆ ಎಸೀಬಾರದಾ?"

"ವಾಪಸು ಪಡೆದದ್ದು ಅಂತ ಪುಸ್ತಕದಲ್ಲಿ ಅವರ ಸಹಿ ಆಗಿಲ್ಲ ಪುಟ್ಟೀ" ಎಂದೆ. ಅವಳು ಅದನ್ನು ಮೊಳೆಗೇ ಮತ್ತೆ ಹಾಕಿದಳು.

ಇದಾಗಿ ಒಂದು ತಿಂಗಳಿಗೆ ಆ ಹೊಸ ಕಟ್ಟಡದ ಎರಡನೇ ಮಹಡಿಯಿಂದ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಬಂದರು. ಗಂಡನ ತಾಯಿ ಊರಿಂದ ಬಂದು ಇವರ ಜೊತೆಯಲ್ಲೇ ಇದ್ದಾರಂತೆ, ಇಬ್ಬರೂ ಕೆಲಸಕ್ಕೆ ಹೋದರೆ ಆಕೆ ಒಬ್ಬರೇ. "ಸರ್, ನಿಮ್ಮ ಮನ್ಯಾಗ ಎಲ್ಲಾರ ಕೀಲಿ ಇರ್ತಾವಂತ, ಕೆಳಗಿನ ಮನಿಯವರು ಹೇಳಿದ್ರು. ನಮ್ದೂ ಒಂದು ಇಟ್ಕೋತೀರೇನ್ರಿ?" ಎಂದ ಆತ. ಧಾರಾಳವಾಗಿ ಕೊಡಪ್ಪ ಎಂದು ಕೈ ಚಾಚಿದೆ. ಆತ ನಕ್ಕ. ಅವರ ಬಾಗಿಲಿಗೆ ಬೀಗದಕೈಯೇ ಇಲ್ಲವಂತೆ, ಆರು ಅಂಕಿ ಒತ್ತಿದರೆ ತೆಗೆದುಕೊಳ್ಳುತ್ತದಂತೆ. ಅಂಕಿ ಹೇಳುತ್ತೇನೆ, ಬರೆದುಕೊಳ್ಳಿ ಎಂದ.

ನಾನು ಸರ್ವಿಸಿನ ಉದ್ದಕ್ಕೂ ಗಿರಾಕಿಗಳಿಗೆ ಹೇಳಿದ್ದು, ಗುಟ್ಟಿನ ಅಂಕಿಯನ್ನು ಯಾರಿಗೂ ಹೇಳಬೇಡಿ, ಎಲ್ಲೂ ಬರೆದಿಡಬೇಡಿ ಎಂದು. ಮೊಳೆಗೆ ತೂಗುಹಾಕೋಣವೆಂದರೆ ಅಂಕಿಗೆ ತೂತಿಲ್ಲ. ನೆನಪಿಟ್ಟುಕೊಳ್ಳೋಣವೆಂದರೆ ಎಪ್ಪತ್ತು ದಾಟಿದ ತಲೆ, ಕನ್ನಡಕ ಎಲ್ಲಿಟ್ಟೆ ಎಂಬುದೇ ನೆನಪಿರುವುದಿಲ್ಲ. ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಮೊಮ್ಮಗಳೇ ಹೇಳಿದಳು, "ತಾತ, ಬ್ಯಾಂಕಲ್ಲಿ ಮಾಡ್ತಿದ್ರಲ್ಲ ಹಾಗೆ ಮಾಡೋಣ."

ಹಾಗೇ ಮಾಡಿದೆವು. ಮೊದಲ ಮೂರು ಅಂಕಿ ಆತ ನನ್ನ ಕಿವಿಯಲ್ಲಿ ಹೇಳಿದ, ಕೊನೆಯ ಮೂರು ಅವಳ ಕಿವಿಯಲ್ಲಿ. ಅವಳು ಶಾಲೆಗೆ ಹೋದಾಗ ಬೇಕಾದರೆ ಎಂದು ಸೊಸೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಪೂರ್ತಿ ಅಂಕಿಯನ್ನು ಆತನ ಕೈಯಿಂದಲೇ ಬರೆಸಿ, ಲಕೋಟೆಯಲ್ಲಿಟ್ಟು, ಅರಗಿನ ಮೊಹರು ಒತ್ತಿ, ಎದುರುಮನೆ ಮೇಷ್ಟ್ರ ಬೀರುವಿಗೆ ಸೇರಿಸಿದೆ. ಅದು ನಮ್ಮ ಇನ್ನೊಂದು ಶಾಖೆ. ಪುಸ್ತಕದಲ್ಲಿ ತಾರೀಖು ಹಾಕಿ ಒಂದು ಸಾಲು ಬರೆದು, ಕೆಳಗೆ ಇಬ್ಬರೂ ಸಹಿ ಮಾಡಿದೆವು. ಅವಳದು ಇನ್ನೂ ಸಹಿಯಲ್ಲ, ಪೂರ್ತಿ ಹೆಸರು.

ಈಗ ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ನಾವಿಬ್ಬರೂ ಅಜ್ಜಿಯನ್ನು ನೋಡಿಕೊಂಡು ಬರುವ ನೆಪದಲ್ಲಿ ಎರಡು ಮಹಡಿ ಹತ್ತಿ ಹೋಗುತ್ತೇವೆ. ಗಂಟೆ ಒತ್ತಿ, ಅವರು ಒಳಗಿಂದ ಹ್ಞೂಂ ಎಂದ ಮೇಲೆ, ನಾನು ನನ್ನ ಮೂರು ಅಂಕಿ ಒತ್ತಿ ಪಕ್ಕಕ್ಕೆ ತಿರುಗಿ ನಿಲ್ಲುತ್ತೇನೆ. ಅವಳು ಕೈ ಅಡ್ಡ ಹಿಡಿದು ತನ್ನ ಮೂರು ಒತ್ತುತ್ತಾಳೆ. ಅವು ಯಾವುವೆಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಒಂದು ಐಸ್‌ಕ್ರೀಮಿನ ಆಸೆ ತೋರಿಸಿ ಕೇಳಿ ನೋಡಿದೆ. ಹೇಳಲಿಲ್ಲ.